ಎರಡು ದಂಡು, ಎರಡು ಸಾವು

ಜಪಾನಿನ ಟೆಲಿವಿಷನ್‌ನಲ್ಲಿ 1975 ರ ಏಪ್ರಿಲ್ 5 ರಂದು ಮಕ್ಕಳಿಗಾಗಿ ಒಂದು ಹೊಸ ಧಾರಾವಾಹಿ ಶುರುವಾಯಿತು. ‘ಹಿಮಿತ್ಸು ಸೆಂಟಾಯ್ ಗೋರೇಂಜರ್’ ಎಂದು ಅದರ ಹೆಸರು. ಜಪಾನಿ ಭಾಷೆಯಲ್ಲಿ ‘ಹಿಮಿತ್ಸು’ ಎಂದರೆ ಗುಟ್ಟು, ‘ಸೆಂಟಾಯ್’ ಎಂದರೆ ಯುದ್ಧಕ್ಕೆ ಹೊರಟ ದಂಡು, ‘ಗೋ’ ಎಂದರೆ ಐದು. ಚಿತ್ರಕಥೆಗಳ ಹೆಸರಾಂತ ಕಲಾವಿದ ಶೋತಾರೊ ಇಶಿನೊಮೊರಿ ಇದನ್ನು ಕಲ್ಪಿಸಿದರು; ತೋಯೇ ಎಂಬ ಚಿತ್ರ ಸಂಸ್ಥೆ ತಯಾರಿಸಿತು. ಕೆಂಪು, ನೀಲಿ, ಹಳದಿ, ಗುಲಾಬಿ, ಹಸಿರು ಹೀಗೆ ಐದು ಬಣ್ಣದ ಪೋಷಾಕು ತೊಟ್ಟ ಐವರು ಮುಖವಾಡದ ವೀರರು ಪ್ರತಿ ವಾರ ಒಬ್ಬ ವಿಚಿತ್ರ ರಾಕ್ಷಸನನ್ನು ಸೋಲಿಸುವುದು, ಇಷ್ಟೇ ಅದರ ಕಥೆ. ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದೊಡನೆ ಮಾತಿಗೆ ಮೊದಲೇ ಪಾತ್ರದ ಗುಣ ನಮಗೆ ತಿಳಿದುಬಿಡುವಂತೆ, ಆ ಮಕ್ಕಳಿಗೆ ಬಣ್ಣದಿಂದಲೇ ವೀರನ ಸ್ವಭಾವ ತಿಳಿಯುತ್ತಿತ್ತು. ಧಾರಾವಾಹಿ ಎರಡು ವರ್ಷ ನಡೆದು 84 ಕಂತುಗಳನ್ನು ಕಂಡಿತು.

ಅದರ ಬೆನ್ನಿಗೆ ಬಂದ ‘ಜಾಕರ್’ 1977 ರಲ್ಲಿ 35 ಕಂತಿಗೇ ಮುಗಿದುಹೋಯಿತು. ಮರುವರ್ಷ ಹೊಸ ದಂಡು ಬರಲೇ ಇಲ್ಲ. 1979 ರಲ್ಲಿ ಬಂದ ‘ಬ್ಯಾಟಲ್ ಫೀವರ್ ಜೆ’ ಈ ಪರಂಪರೆಗೆ ಒಂದು ದೈತ್ಯ ಯಂತ್ರಮಾನವನನ್ನು ತಂದು ನಿಲ್ಲಿಸಿತು. ಅಲ್ಲಿಂದ ಮುಂದೆ ವರ್ಷಕ್ಕೊಂದು ಹೊಸ ದಂಡು, ಹೊಸ ಶತ್ರು, ಹೊಸ ಯಂತ್ರಮಾನವ. ಆ ಯಂತ್ರಮಾನವನೇ ಆಟಿಕೆಯಾಗಿ ಅಂಗಡಿಗೆ ಬರುತ್ತಿದ್ದ. ಆಟಿಕೆ ತಯಾರಿಸುವ ಕಂಪನಿಯ ಹೆಸರು ಬಂಡಾಯ್. ನಮ್ಮ ಬಂಡಾಯಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಅದು ಅಪ್ಪಟ ವ್ಯಾಪಾರ. ಕಥೆಯನ್ನು ವ್ಯಾಪಾರ ನಡೆಸಿತೋ ವ್ಯಾಪಾರವನ್ನು ಕಥೆ ನಡೆಸಿತೋ ಎಂದು ಕೇಳಿದರೆ ಎರಡೂ ಹೌದು ಎನ್ನಬೇಕು. 2025 ರಲ್ಲಿ ಈ ಪರಂಪರೆಗೆ ಐವತ್ತು ವರ್ಷ ತುಂಬಿತು.

ಪ್ರತಿ ವರ್ಷದ ಕಥೆಯೂ ತನ್ನಷ್ಟಕ್ಕೆ ಪೂರ್ಣವಾಗಿರುವುದರಿಂದ ಒಂದನ್ನು ಇನ್ನೊಂದರ ಪಕ್ಕಕ್ಕಿಟ್ಟು ನೋಡುವುದು ಸುಲಭ. ಅಂಥ ಎರಡು ದಂಡುಗಳ ವಿಷಯವನ್ನೇ ನಾನು ಇಲ್ಲಿ ಹೇಳಹೊರಟಿರುವುದು. ಒಂದು, 1991 ರ ಫೆಬ್ರವರಿಯಿಂದ 1992 ರ ಫೆಬ್ರವರಿಯವರೆಗೆ ಬಂದ ‘ಜೆಟ್‌ಮ್ಯಾನ್’. ಇನ್ನೊಂದು, ಅದು ಮುಗಿದ ಮರುವಾರವೇ ಶುರುವಾಗಿ 1993 ರ ಫೆಬ್ರವರಿಯವರೆಗೆ ನಡೆದ ‘ಜ್ಯೂರೇಂಜರ್’. ಎರಡೂ ಶುಕ್ರವಾರ ಸಂಜೆ ಐದೂವರೆಗೆ, ಒಂದೇ ವಾಹಿನಿಯಲ್ಲಿ, ಒಂದೇ ಸಂಸ್ಥೆಯಿಂದ ಬಂದವು. ಆದರೂ ಒಂದೇ ಮನೆಯ ಮಕ್ಕಳು ಎಂದು ಹೇಳಲಾಗದಷ್ಟು ಬೇರೆಯಾಗಿವೆ. ಅಮೆರಿಕದ ಶೌಟ್ ಫ್ಯಾಕ್ಟರಿ ಎಂಬ ಸಂಸ್ಥೆ ‘ಜ್ಯೂರೇಂಜರ್’ ಅನ್ನು 2015 ರಲ್ಲಿ, ‘ಜೆಟ್‌ಮ್ಯಾನ್’ ಅನ್ನು 2018 ರಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ಡಿವಿಡಿಯಾಗಿ ಹೊರತಂದಿತು. ಅಲ್ಲಿರುವ ನನ್ನ ಅಕ್ಕನ ಮಗ ರಜೆಗೆ ಬಂದಾಗ ಅವನ್ನು ತಂದಿದ್ದರಿಂದ ನನಗೆ ಎರಡನ್ನೂ ಆದಿಯಿಂದ ಅಂತ್ಯದವರೆಗೆ ನೋಡುವ ಯೋಗ ಒದಗಿತು.

ಮೊದಲು ‘ಜೆಟ್‌ಮ್ಯಾನ್’. ಭೂಮಿಯ ರಕ್ಷಣೆಗಾಗಿ ಐವರು ಸೈನಿಕರಿಗೆ ಹಕ್ಕಿಯ ಶಕ್ತಿಯನ್ನು ತುಂಬುವ ಒಂದು ಪ್ರಯೋಗ ಆಕಾಶನೌಕೆಯಲ್ಲಿ ನಡೆಯುತ್ತಿರುತ್ತದೆ. ರ್‍ಯೂ ಎಂಬ ಒಬ್ಬನಿಗೆ ಮಾತ್ರ ಶಕ್ತಿ ಸಿಕ್ಕಿರುತ್ತದೆ, ಅಷ್ಟರಲ್ಲಿ ಶತ್ರುಗಳು ಎರಗುತ್ತಾರೆ. ರ್‍ಯೂ ಪ್ರೀತಿಸಿದ ರೀಯೆ ಅವನ ಕಣ್ಣೆದುರೇ ನೌಕೆಯಿಂದ ಹೊರಕ್ಕೆ ಸೆಳೆಯಲ್ಪಟ್ಟು ಕಣ್ಮರೆಯಾಗುತ್ತಾಳೆ. ಉಳಿದ ನಾಲ್ಕು ಕಿರಣಗಳು ಭೂಮಿಯ ಮೇಲೆ ಚದುರಿ ಯಾರ ಯಾರ ಮೇಲೋ ಬೀಳುತ್ತವೆ. ಒಬ್ಬಳು ಸಿರಿವಂತರ ಮನೆಯ ಮಗಳು ಕವೋರಿ, ಒಬ್ಬ ರೈತ ರೈತಾ (ಹೆಸರೂ ಕಸುಬೂ ಕನ್ನಡದಲ್ಲಿ ಒಂದೇ ಆಗಿರುವುದು ಕಾಕತಾಳೀಯ), ಒಬ್ಬಳು ಪ್ರೌಢಶಾಲೆಯ ಹುಡುಗಿ ಅಕೊ, ಇನ್ನೊಬ್ಬ ಗೈ. ಈ ಗೈ ಸಿಗರೇಟು ಸೇದುತ್ತಾನೆ, ಕುಡಿಯುತ್ತಾನೆ, ಜೂಜಾಡುತ್ತಾನೆ. ಭೂಮಿಯನ್ನು ಕಾಪಾಡು ಎಂದರೆ ‘ನನಗೇಕೆ?’ ಎಂದು ಬೆನ್ನು ತಿರುಗಿಸುತ್ತಾನೆ.

ಮುಂದಿನದು ಮಕ್ಕಳ ಸಂಜೆಯ ಹೊತ್ತಿಗೆ ಯಾರೂ ನಿರೀಕ್ಷಿಸದ ಕಥೆ. ಗೈ ಕವೋರಿಯನ್ನು ಪ್ರೀತಿಸುತ್ತಾನೆ, ಕವೋರಿ ರ್‍ಯೂನನ್ನು ಪ್ರೀತಿಸುತ್ತಾಳೆ, ರ್‍ಯೂ ಕಳೆದುಹೋದ ರೀಯೆಯನ್ನು ಮರೆಯಲಾರ. ಆ ರೀಯೆಯೋ ತನ್ನ ಹಿಂದಿನದೆಲ್ಲ ಮರೆತು ಮರಿಯಾ ಎಂಬ ಹೆಸರಿನಲ್ಲಿ ಶತ್ರುಗಳ ಸಾಲಿನಲ್ಲಿ ನಿಂತಿದ್ದಾಳೆ. ಮುಖ್ಯ ಲೇಖಕ ತೋಶಿಕಿ ಇನೋವೆ, ಮುಖ್ಯ ನಿರ್ದೇಶಕ ಕೇತಾ ಅಮೆಮಿಯಾ ಇಬ್ಬರೂ ಸೇರಿ ಐದು ಬಣ್ಣದ ಮುಖವಾಡಗಳ ಒಳಗೆ ದೊಡ್ಡವರ ಸಂಸಾರದ ತಾಪವನ್ನು ತುಂಬಿದರು. ದಂಡಿನ ಒಳಜಗಳ ಶತ್ರುವಿನ ಕಾಟಕ್ಕಿಂತ ಕಡಿಮೆಯದೇನಲ್ಲ. ಕೊನೆಯಲ್ಲಿ ಮರಿಯಾಳಿಗೆ ನೆನಪು ಮರಳುತ್ತದೆ. ಮರಳಿದ್ದೇ ಸಾಯುವುದಕ್ಕೆ ಎಂಬಂತೆ ಅವಳು ರಾಡಿಗೆ ಎಂಬ ಶತ್ರುನಾಯಕನ ಕೈಯಲ್ಲಿ ಸಾಯುತ್ತಾಳೆ.

1992 ರ ಫೆಬ್ರವರಿ 14 ರಂದು ಬಂದ ಕೊನೆಯ, ಅಂದರೆ 51ನೇ ಕಂತನ್ನು ನೋಡಿದವರು ಮರೆಯುವುದಿಲ್ಲ. ಯುದ್ಧ ಗೆದ್ದು ಮೂರು ವರ್ಷ ಕಳೆದಿದೆ. ರ್‍ಯೂಗೂ ಕವೋರಿಗೂ ಮದುವೆ. ಗೈ ಹೂವು ಕೊಳ್ಳಲು ಹೋಗಿದ್ದಾನೆ. ಬೀದಿಯಲ್ಲಿ ಒಬ್ಬ ಹೆಂಗಸಿನ ಕೈಚೀಲ ಕಿತ್ತುಕೊಂಡು ಓಡುವವನನ್ನು ತಡೆಯುತ್ತಾನೆ. ಆ ಕಳ್ಳ ಅವನಿಗೆ ಚಾಕು ಹಾಕುತ್ತಾನೆ. ಗೈ ಗಾಯವನ್ನು ಮುಚ್ಚಿಕೊಂಡು ಮದುವೆಗೆ ಬಂದು, ಬೆಂಚಿನ ಮೇಲೆ ಕುಳಿತು, ನೀಲಿ ಆಕಾಶ ನೋಡುತ್ತ ಕಣ್ಣು ಮುಚ್ಚುತ್ತಾನೆ. ಲೋಕವನ್ನೇ ನುಂಗಬಂದವರ ಎದುರು ಸಾಯದವನು ಒಂದು ಕೈಚೀಲಕ್ಕಾಗಿ ಸತ್ತ. ಆದರೆ ಭೂಮಿಯನ್ನು ಕಾಪಾಡು ಎಂದರೆ ‘ನನಗೇಕೆ?’ ಎಂದವನು ಗುರುತು ಪರಿಚಯವಿಲ್ಲದ ಹೆಂಗಸಿನ ಕೈಚೀಲ ಕಂಡಾಗ ಆ ಮಾತನ್ನು ಕೇಳಲಿಲ್ಲ. ಅವನ ಐವತ್ತೊಂದು ಕಂತುಗಳ ಬೆಳವಣಿಗೆ ಇಷ್ಟರಲ್ಲಿದೆ. 2011 ರಲ್ಲಿ ‘ಗೋಕೈಜರ್’ ಎಂಬ ಮುಂದಿನ ದಂಡಿನ ಕಥೆಯಲ್ಲಿ ಅದೇ ನಟ ತೋಶಿಹಿದೆ ವಾಕಮತ್ಸು ಮತ್ತೆ ಗೈ ಆಗಿ ಬಂದರು. ಆಗಲೂ ಸತ್ತವನಾಗಿಯೇ ಬಂದರು. ಆ ಸಾವನ್ನು ಅಳಿಸುವ ಮನಸ್ಸು ಯಾರಿಗೂ ಬರಲಿಲ್ಲ.

ಇದನ್ನು ನೋಡಿ ಮುಗಿಸಿ ‘ಜ್ಯೂರೇಂಜರ್’ಗೆ ಬಂದರೆ ಮೆಟ್ಟಿಲಿಳಿದ ಹಾಗೆ ಅನ್ನಿಸುತ್ತದೆ. ಹದಿನೇಳು ಕೋಟಿ ವರ್ಷ ಮಲಗಿದ್ದ ಐವರು ಪ್ರಾಚೀನ ವೀರರನ್ನು ಬಾರ್ಜಾ ಎಂಬ ಮುದುಕ ಎಬ್ಬಿಸುತ್ತಾನೆ. ಅವನು ಒಂದು ವಸತಿ ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವವನು! ಅವರು ಏಕೆ ಏಳಬೇಕಾಯಿತೆಂದರೆ, ದೂರದ ಗ್ರಹದಲ್ಲಿ ಗಗನಯಾತ್ರಿಗಳು ಒಂದು ಪಾತ್ರೆಯ ಮುಚ್ಚಳ ತೆಗೆದು ಬಾಂಡೋರಾ ಎಂಬ ಮಾಟಗಾತಿಯನ್ನು ಬಿಡುಗಡೆ ಮಾಡಿರುತ್ತಾರೆ. ಅವಳು ಚಂದ್ರನ ಮೇಲೆ ಅರಮನೆ ಕಟ್ಟಿಕೊಂಡಿದ್ದಾಳೆ, ಸೈಕಲ್ ಹತ್ತಿ ಆಕಾಶದಲ್ಲಿ ಹಾರುತ್ತಾಳೆ, ಹಾಡಿ ಕುಣಿಯುತ್ತಾಳೆ, ಮಕ್ಕಳನ್ನು ಕಂಡರೆ ಉರಿದುಬೀಳುತ್ತಾಳೆ. ವೀರರ ಯಂತ್ರಮಾನವ ಇಲ್ಲಿ ಯಂತ್ರವಲ್ಲ, ಮಾತನಾಡುವ ದೇವರು. ದಂಡಿಗೆ ಡೈನೋಸಾರ್ ದಂಡು ಎಂದು ಹೆಸರಿದ್ದರೂ ಅದರಲ್ಲಿರುವ ಮ್ಯಾಮತ್ ಆನೆ, ಕೋರೆಹಲ್ಲಿನ ಹುಲಿ, ಹಾರುವ ಟೆರನೊಡಾನ್ ಯಾವುದೂ ಡೈನೋಸಾರ್ ಅಲ್ಲ. ಇರುವ ಟಿರನೊಸಾರಸ್ ಬದುಕಿದ್ದು ಸುಮಾರು ಆರೂಮುಕ್ಕಾಲು ಕೋಟಿ ವರ್ಷಗಳ ಹಿಂದೆಯೇ ಹೊರತು ಹದಿನೇಳು ಕೋಟಿ ವರ್ಷಗಳ ಹಿಂದೆ ಅಲ್ಲ. ವಿಜ್ಞಾನದ ಮೇಷ್ಟರ ಕೈಗೆ ಈ ಕಥೆ ಸಿಕ್ಕಿದರೆ ಪುಟ ತುಂಬ ಕೆಂಪು ಶಾಯಿಯೇ.

ಹೀಗಾಗಿ ಮೊದಲ ತೂಕದಲ್ಲಿ ‘ಜೆಟ್‌ಮ್ಯಾನ್’ ತಟ್ಟೆ ಕೆಳಗಿಳಿಯುವುದು ಸಹಜ. ಅಲ್ಲಿ ಮನುಷ್ಯರಿದ್ದಾರೆ, ಇಲ್ಲಿ ಗೊಂಬೆಗಳು. ಅಲ್ಲಿ ಕಾದಂಬರಿ, ಇಲ್ಲಿ ಅಡುಗೂಲಜ್ಜಿಯ ಕಥೆ. ‘ಜೆಟ್‌ಮ್ಯಾನ್’ ದೊಡ್ಡ ವಯಸ್ಸಿನವರನ್ನೂ ಟಿ.ವಿ. ಮುಂದೆ ಕೂರಿಸಿತೆಂದೂ, ಸೊರಗುತ್ತಿದ್ದ ಪರಂಪರೆಗೆ ಜೀವ ತುಂಬಿತೆಂದೂ ಈ ಕಥೆಗಳ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಆ ತೀರ್ಪಿಗೆ ಆಧಾರವಿದೆ. ನಾನೂ ಅದನ್ನೇ ಹಿಡಿದಿದ್ದೆ. ಆದರೆ ನನ್ನ ಮನಸ್ಸು ನಿಧಾನವಾಗಿ ಇನ್ನೊಂದು ಕಡೆಗೆ ಸರಿಯಿತು. ಸರಿಸಿದ್ದು ಒಂದು ಮೇಣದ ಬತ್ತಿ.

‘ಜ್ಯೂರೇಂಜರ್’ ಕಥೆಯ 17ನೇ ಕಂತಿನಲ್ಲಿ ಬುರಾಯ್ ಎಂಬ ಆರನೆಯ ವೀರ ಬರುತ್ತಾನೆ, ಹಸಿರು ಪೋಷಾಕಿನವನು. ಅವನು ದಂಡಿನ ನಾಯಕ ರಾಜಕುಮಾರ ಗೆಕಿಯ ಒಡಹುಟ್ಟಿದ ಅಣ್ಣ. ಮಕ್ಕಳಿಲ್ಲದ ರಾಜ ತಮ್ಮನನ್ನು ಎತ್ತಿಕೊಂಡು ಹೋಗಿ ತನ್ನ ಮಗನಾಗಿ ಸಾಕಿದ. ಅದನ್ನು ಒಪ್ಪದೆ ತಿರುಗಿಬಿದ್ದ ತಂದೆ ರಾಜನ ಕೈಯಲ್ಲಿ ಸತ್ತ. ಅಣ್ಣ ಹಗೆಯನ್ನು ಎದೆಯಲ್ಲಿಟ್ಟುಕೊಂಡು ಬೆಳೆದ. ನಮ್ಮ ಕರ್ಣನ ಕಥೆಯನ್ನು ತಿರುವಿ ಹಾಕಿದ ಹಾಗಿದೆ. ಅಲ್ಲಿ ಹಿರಿಯ ಅರಮನೆಯ ಹೊರಗೆ ತೇಲಿಹೋದ, ಇಲ್ಲಿ ಕಿರಿಯ ಅರಮನೆಯ ಒಳಗೆ ಹೋದ. ಎರಡೂ ಕಡೆ ನೋವುಂಡವನು ಅಣ್ಣನೇ. ಬುರಾಯ್ ಮೊದಲು ತಮ್ಮನ ಮೇಲೆ ಕತ್ತಿ ಎತ್ತುತ್ತಾನೆ, ಕೊನೆಗೆ ಮನಸ್ಸು ಕರಗಿ ಜೊತೆಯಾಗುತ್ತಾನೆ. ಆಮೇಲೆ ತಿಳಿಯುತ್ತದೆ, ಅವನಿಗೆ ಉಳಿದಿರುವುದು ಕೆಲವು ಗಂಟೆಗಳ ಆಯುಸ್ಸು ಮಾತ್ರ. ಅವನ ಜೀವ ಒಂದು ಹಸಿರು ಮೇಣದ ಬತ್ತಿಯಲ್ಲಿದೆ. ಕಾಲ ನಿಂತುಹೋದ ಒಂದು ಕೋಣೆಯಲ್ಲಿ ಕುಳಿತಿರುವಷ್ಟು ಹೊತ್ತು ಅವನ ಆಯುಸ್ಸು ಸವೆಯುವುದಿಲ್ಲ. ತಮ್ಮನ ದಂಡು ಕಷ್ಟದಲ್ಲಿದೆ ಎಂದು ಹೊರಗೆ ಹೆಜ್ಜೆಯಿಟ್ಟರೆ ಸವೆಯುತ್ತದೆ. ಬತ್ತಿ ಮುಗಿದರೆ ಅವನೂ ಮುಗಿದ.

ಇದನ್ನು ನೋಡುತ್ತಿದ್ದ ಎಂಟು ವರ್ಷದ ಮಗುವಿನ ಜಾಗದಲ್ಲಿ ನಿಂತು ನೋಡಬೇಕು. ಹಿಂದಿನ ವಾರದವರೆಗೆ ಆರನೆಯ ವೀರ ಬಂದರೆ ಚಪ್ಪಾಳೆ. ಈಗ ಅವನು ಬಂದೊಡನೆ ‘ಬರಬೇಡ, ಬರಬೇಡ’ ಎಂಬ ಸಂಕಟ. ಬಂದರೆ ಎಲ್ಲರೂ ಉಳಿಯುತ್ತಾರೆ, ಆದರೆ ಬತ್ತಿ ಗಿಡ್ಡವಾಗುತ್ತದೆ. ಗೆಲುವಿಗೆ ಬೆಲೆಯಿದೆ ಎಂಬುದನ್ನು ಮಾತಿನಲ್ಲಿ ಹೇಳದೆ, ಒಂದೊಂದು ಅಂಗುಲ ಮೇಣದಲ್ಲಿ ಅಳೆದು ತೋರಿಸುತ್ತದೆ ಕಥೆ. ಒಂದೆರಡು ಕಂತಿನಲ್ಲಿ ಅಲ್ಲ, ತಿಂಗಳುಗಟ್ಟಲೆ. ಈ ನಡುವೆ ಅವನನ್ನು ಉಳಿಸುವ ದಾರಿಗಾಗಿ ತಮ್ಮ ಹುಡುಕುತ್ತಾನೆ. ದೇವರೇ ಜೊತೆಗಿರುವ ದಂಡು, ಉಳಿಸದೆ ಇರುತ್ತದೆಯೇ ಎಂದು ನಾವೂ ನಂಬಿಕೊಂಡಿರುತ್ತೇವೆ. 42ನೇ ಕಂತಿನಲ್ಲಿ ಬುರಾಯ್ ತನ್ನ ಶಕ್ತಿಯನ್ನು ತಮ್ಮನಿಗೆ ಒಪ್ಪಿಸಿ ಸಾಯುತ್ತಾನೆ. ಅವನು ಮರಳಿ ಬದುಕಿ ಬರುವುದಿಲ್ಲ.

ನಾನು ಆರನೆಯ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದ ಒಂದು ವರ್ಷ ಒಬ್ಬ ಹುಡುಗನ ತಂದೆ ಆಸ್ಪತ್ರೆಯಲ್ಲಿದ್ದರು, ಉಳಿಯುವ ಭರವಸೆ ಇರಲಿಲ್ಲ. ಮನೆಯವರು ಹುಡುಗನಿಗೆ ‘ಅಪ್ಪ ವಾಸಿಯಾಗಿ ಬರುತ್ತಾರೆ’ ಎಂದೇ ಹೇಳುತ್ತಿದ್ದರು. ಅವನು ಒಂದು ದಿನ ಬಿಡುವಿನ ಹೊತ್ತಿನಲ್ಲಿ ಬಂದು, ‘ಇನ್ನು ಎಷ್ಟು ದಿನ, ಮಿಸ್?’ ಎಂದು ಕೇಳಿದ. ಅಳುತ್ತಿರಲಿಲ್ಲ. ಲೆಕ್ಕ ಕೇಳುವ ದನಿ. ದೊಡ್ಡವರು ಸಾವು ಯಾಕೆ ಎಂದು ಕೇಳುತ್ತಾರೆ, ಮಕ್ಕಳು ಎಷ್ಟು ದಿನ ಎಂದು ಕೇಳುತ್ತಾರೆ. ನಾನು ಅವನ ಕೈ ಹಿಡಿದು, ನನಗೂ ಗೊತ್ತಿಲ್ಲ, ಇರುವಷ್ಟು ದಿನ ಸಂಜೆ ಹೋಗಿ ಅವರ ಹತ್ತಿರ ಕುಳಿತುಕೋ ಎಂದೆ. ಅದಾಗಿ ಎಷ್ಟೋ ವರ್ಷಗಳ ನಂತರ ಆ ಹಸಿರು ಬತ್ತಿಯನ್ನು ಕಂಡಾಗ ಹುಡುಗನ ಪ್ರಶ್ನೆ ನೆನಪಾಯಿತು. ಆ ಪ್ರಶ್ನೆಯನ್ನು ಕೇಳಿಸಿಕೊಂಡವರು ಯಾರೋ ಜಪಾನಿನಲ್ಲಿ ಇದ್ದರು ಎಂದು ತಿಳಿದು ಗೌರವ ಮೂಡಿತು. ‘ಜ್ಯೂರೇಂಜರ್’ನ ಮುಖ್ಯ ಲೇಖಕರ ಹೆಸರು ನೊಬೊರು ಸುಗಿಮುರಾ.

ಗೈ ಸತ್ತ ಬಗೆಯಲ್ಲಿ ದೊಡ್ಡವರಿಗೆ ಒಂದು ಸತ್ಯ ಕಾಣುತ್ತದೆ. ಸಾವು ಹೇಳದೆ ಬರುತ್ತದೆ, ನ್ಯಾಯ ನೋಡಿ ಬರುವುದಿಲ್ಲ. ಇದನ್ನು ಮೆಚ್ಚಲು ಬದುಕಿನಲ್ಲಿ ಸ್ವಲ್ಪ ಏಟು ತಿಂದಿರಬೇಕು. ಮಗುವಿಗೆ ಅದು ಬರೀ ಆಘಾತ. ಕಂತು ಮುಗಿಯಿತು, ದೀಪ ಆರಿತು, ಮುಂದಿನ ವಾರ ಬೇರೆ ಕಥೆ. ಬುರಾಯ್ ಸಾವು ಹಾಗಲ್ಲ. ಅವನು ಹೋದ ಮೇಲೂ ಎಂಟು ಕಂತುಗಳಿವೆ. ಅವನಿಲ್ಲದ ದಂಡು, ಅವನ ಶಕ್ತಿಯನ್ನು ಹೊತ್ತ ತಮ್ಮ, ಮುಂದುವರಿಯಲೇಬೇಕಾದ ಯುದ್ಧ ಇವನ್ನೆಲ್ಲ ಮಗು ಎರಡು ತಿಂಗಳು ನೋಡುತ್ತದೆ. ಸಾವಿನ ಮುಂಚಿನ ದಿನಗಳೂ ಸಾವಿನ ಮರುದಿನಗಳೂ ಅಲ್ಲಿ ಸಿಗುತ್ತವೆ.

ಬಾಂಡೋರಾಳ ವಿಷಯಕ್ಕೆ ಬಂದರೆ ನನ್ನ ಮನಸ್ಸು ಇನ್ನಷ್ಟು ಗಟ್ಟಿಯಾಯಿತು. ಆ ಪಾತ್ರ ಮಾಡಿದವರು ಮಾಚಿಕೊ ಸೊಗಾ. 1938 ರಲ್ಲಿ ಹುಟ್ಟಿದವರು, ಬಾಂಡೋರಾ ಆದಾಗ ಐವತ್ತನಾಲ್ಕು ವರ್ಷ. 1980 ಮತ್ತು 1981 ರ ದಂಡುಗಳಲ್ಲೂ ಅವರೇ ಹೆಡ್ರಿಯನ್ ರಾಣಿಯಾಗಿ ಖಳನಾಯಕಿಯ ಪಾತ್ರ ವಹಿಸಿದ್ದರು. ಅವರು ನಕ್ಕರೆ ಮನೆಯವರೆಲ್ಲ ನಗಬೇಕು, ಹಾಗೆ ನಗುತ್ತಾರೆ. ಕಂತಿನ ಮೇಲೆ ಕಂತು ಈ ಮಾಟಗಾತಿ ಮಕ್ಕಳನ್ನು ಗೋಳಾಡಿಸುವುದನ್ನು ತಮಾಷೆಯಾಗಿ ನೋಡುತ್ತೇವೆ. ಕಥೆ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ, ಅವಳು ಒಂದು ಕಾಲಕ್ಕೆ ರಾಣಿ, ಅವಳಿಗೆ ಕೈ ಎಂಬ ಮಗನಿದ್ದ. ಡೈನೋಸಾರ್‌ನ ಮೊಟ್ಟೆಗಳನ್ನು ಒಡೆದ ಆ ಹುಡುಗ ಡೈನೋಸಾರ್‌ನ ಸಿಟ್ಟಿಗೆ ಬಲಿಯಾದ. ತಾಯಿ ತನ್ನ ಆತ್ಮವನ್ನೇ ಸೈತಾನನಿಗೆ ಮಾರಿ ಲೋಕದ ಮೇಲೆ ಹಗೆ ಸಾಧಿಸಿದಳು. ಮಕ್ಕಳನ್ನು ಕಂಡರಾಗದವಳು ಮಗುವನ್ನು ಕಳೆದುಕೊಂಡವಳು. ಹಿಂದಿನ ನಗುವಿಗೆಲ್ಲ ಆಗ ಬೇರೆ ಅರ್ಥ ಬರುತ್ತದೆ. ಸೈತಾನ ಮರಳಿಸಿದ ಮಗ ಮತ್ತೆ ಕೈತಪ್ಪಿದಾಗ ಅವಳು ಅಳುತ್ತಾಳೆ. ಕಣ್ಣೀರು ಬಂದೊಡನೆ ಅವಳ ಮಾಟ ಹೊರಟುಹೋಗುತ್ತದೆ. ವೀರರು ಅವಳನ್ನು ಕೊಲ್ಲುವುದಿಲ್ಲ. ಪರಿವಾರದ ಸಮೇತ ಪಾತ್ರೆಯೊಳಗೆ ಮುಚ್ಚಿ ಬಾಹ್ಯಾಕಾಶಕ್ಕೆ ಕಳುಹಿಸುತ್ತಾರೆ.

‘ಜೆಟ್‌ಮ್ಯಾನ್’ನಲ್ಲೂ ಒಬ್ಬ ಬಾಲಕನಿದ್ದಾನೆ, ಶತ್ರುಗಳ ಸಾಲಿನಲ್ಲಿ. ತ್ರಾನ್ ಎಂದು ಹೆಸರು. ‘ನೀನಿನ್ನೂ ಚಿಕ್ಕವನು’ ಎಂದು ಅವನ ಜೊತೆಗಾರರೇ ಅವನನ್ನು ಹೀಯಾಳಿಸುತ್ತಾರೆ. ಆ ಅವಮಾನದ ಸಿಟ್ಟಿನಲ್ಲಿ ಅವನು ಒಮ್ಮೆಗೇ ಬೆಳೆದು ದೊಡ್ಡವನಾಗಿ, ತ್ರಾನ್ಜಾ ಎಂದಾಗಿ, ಹೀಯಾಳಿಸಿದವರನ್ನೇ ಆಳುತ್ತಾನೆ. ಕೊನೆಗೆ ಅವರಲ್ಲೇ ಒಬ್ಬನ ಕೈಯಲ್ಲಿ ಸೋತುಹೋಗುತ್ತಾನೆ. ಸೊಗಸಾದ ಕಲ್ಪನೆ. ಆದರೆ ಅಲ್ಲಿ ಬಾಲ್ಯವೆಂದರೆ ಬೇಗ ಕಳಚಿಕೊಳ್ಳಬೇಕಾದ ಕೊರತೆ. ದೊಡ್ಡವರ ಮಾತು ದೊಡ್ಡವರ ನಡುವೆಯೇ ನಡೆಯುತ್ತದೆ, ಮಗು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳಬೇಕು. ‘ಜ್ಯೂರೇಂಜರ್’ ಮಗುವನ್ನು ಎದುರಿಗೇ ಕೂರಿಸಿಕೊಂಡು ಮಾತಾಡುತ್ತದೆ. ಭಾಷೆ ಸರಳ, ಹೇಳುವ ವಿಷಯ ಮಾತ್ರ ಅಣ್ಣನ ಸಾವು, ತಾಯಿಯ ಹಗೆ, ಕ್ಷಮೆ.

ಈ ಕಥೆಯ ಭಾರ ಎಷ್ಟೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ‘ಜ್ಯೂರೇಂಜರ್’ ಮುಗಿದ ವರ್ಷವೇ, 1993 ರ ಆಗಸ್ಟ್ 28 ರಂದು, ಅಮೆರಿಕದಲ್ಲಿ ‘ಮೈಟಿ ಮಾರ್ಫಿನ್ ಪವರ್ ರೇಂಜರ್ಸ್’ ಶುರುವಾಯಿತು. ಹೈಮ್ ಸಬಾನ್ ಎಂಬ ನಿರ್ಮಾಪಕ ಜಪಾನಿನ ಕಾಳಗದ ದೃಶ್ಯಗಳನ್ನು ತೆಗೆದುಕೊಂಡು, ಮುಖವಾಡ ಹಾಕದ ಭಾಗಗಳನ್ನು ಅಮೆರಿಕದ ಹುಡುಗ ಹುಡುಗಿಯರಿಂದ ಹೊಸದಾಗಿ ಚಿತ್ರಿಸಿದರು. ಮುಖ ಮುಚ್ಚಿರುವಾಗ ಒಳಗಿರುವವರು ಯಾರಾದರೇನು! ಜಪಾನಿನಲ್ಲಿ ಗಂಡಾಗಿದ್ದ ಹಳದಿ ವೀರ ಅಲ್ಲಿ ಹೆಣ್ಣಾದ. ಬಾಂಡೋರಾ ರೀಟಾ ರಿಪಲ್ಸಾ ಆದಳು; ಮುಖ ಸೊಗಾ ಅವರದು, ದನಿ ಇನ್ನೊಬ್ಬರದು. ಕೇಬಲ್ ಟಿ.ವಿ. ಬಂದ ಮೇಲೆ ನಮ್ಮ ಮಕ್ಕಳು ಬಲ್ಲ ಪವರ್ ರೇಂಜರ್ಸ್ ಮೂಲತಃ ಇದೇ.

ಆ ಅಮೆರಿಕದ ಕಥೆಯಲ್ಲೂ ಹಸಿರು ವೀರನಿದ್ದಾನೆ, ಹಸಿರು ಮೇಣದ ಬತ್ತಿಯೂ ಇದೆ. ಆದರೆ ಬತ್ತಿ ಮುಗಿದರೆ ಅವನ ಜೀವ ಹೋಗುವುದಿಲ್ಲ, ಶಕ್ತಿ ಮಾತ್ರ ಹೋಗುತ್ತದೆ. ಮುಂದೆ ಅವನೇ ಬಿಳಿಯ ವೀರನಾಗಿ, ಮತ್ತೊಂದು ಜಪಾನಿ ಧಾರಾವಾಹಿಯ ಪೋಷಾಕಿನಲ್ಲಿ, ಹಿಂದಿರುಗುತ್ತಾನೆ. ರೀಟಾಳಿಗೆ ಸತ್ತ ಮಗನಿಲ್ಲ. ಆ ಮಕ್ಕಳಿಗೂ ಸಂತೋಷವಾಯಿತು, ಆಟಿಕೆಗಳೂ ಧಾರಾಳವಾಗಿ ಮಾರಾಟವಾದವು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಜಪಾನಿನ ಮಕ್ಕಳಿಗೆ ಶುಕ್ರವಾರ ಸಂಜೆ ನೇರವಾಗಿ ಹೇಳಿದ ಎರಡು ಸಂಗತಿಗಳು, ಸಾವು ಮತ್ತು ತಾಯಿಯ ಶೋಕ, ಸಮುದ್ರ ದಾಟುವಾಗ ಕಳಚಿಬಿದ್ದವು. ಬಾಲಿಶವೆಂದು ಕಂಡ ಕಥೆಯಲ್ಲಿ ಇಷ್ಟು ಗಟ್ಟಿ ವಸ್ತು ಇತ್ತೆಂದು ಬೇರೆಯವರು ತೆಗೆದಿಟ್ಟದ್ದನ್ನು ಕಂಡಾಗಲೇ ನನಗೆ ಪೂರ್ತಿ ಅರಿವಾದದ್ದು.

ಹಾಗೆಂದು ‘ಜ್ಯೂರೇಂಜರ್’ನ ಕೊರತೆಗಳು ಎಲ್ಲಿಗೂ ಹೋಗಿಲ್ಲ. ಗೆಕಿಯನ್ನು ಬಿಟ್ಟರೆ ಉಳಿದ ನಾಲ್ವರ ಸ್ವಭಾವ ತೆಳುವಾಗಿದೆ. ದಂಡಿನಲ್ಲಿ ಇರುವ ಹೆಣ್ಣು ಮೇಯಿ ಒಬ್ಬಳೇ. ‘ಜೆಟ್‌ಮ್ಯಾನ್’ನಲ್ಲಿ ಇಬ್ಬರಿದ್ದರು, ಜೊತೆಗೆ ಐವರಿಗೂ ಆಜ್ಞೆ ಕೊಡುವ ಅಧಿಕಾರಿ ಆಯಾ ಒಡಗಿರಿ ಕೂಡ ಹೆಂಗಸು. ಬುರಾಯ್ ಬರುವವರೆಗಿನ ಕಂತುಗಳಲ್ಲಿ ಕೆಲವನ್ನು ನೋಡುವಾಗ ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಂಡಿದ್ದರೂ ನಷ್ಟವಿಲ್ಲ. ಒಂದೇ ಒಂದು ಕಂತನ್ನು ಆರಿಸಿ ಎಂದರೆ ಗೈ ಆ ಬೆಂಚಿನ ಮೇಲೆ ಕುಳಿತ ಕಂತಿನ ಪಕ್ಕಕ್ಕೆ ಇಡಬಲ್ಲದ್ದು ಇನ್ನೊಂದಿಲ್ಲ. ಬರವಣಿಗೆಯ ಬಿಗಿಯಲ್ಲಿ ‘ಜೆಟ್‌ಮ್ಯಾನ್’ ಮೇಲು ಎಂಬ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ.

ಬದಲಾಗಿರುವುದು ಗಂಭೀರ ಎಂಬ ಮಾತಿಗೆ ನಾನು ಕೊಡುವ ಅರ್ಥ. ಪ್ರೇಮ, ಮತ್ಸರ, ಸಿಗರೇಟು ಇದ್ದರೆ ಗಂಭೀರ, ಮಾಟಗಾತಿಯೂ ಮಾತಾಡುವ ದೇವರೂ ಇದ್ದರೆ ಹುಡುಗಾಟಿಕೆ ಎಂಬ ವಿಂಗಡಣೆ ನಮ್ಮ ಪಠ್ಯಪುಸ್ತಕ ಸಮಿತಿಗಳಿಗೂ ಪ್ರಿಯವಾದದ್ದೇ. ಮಕ್ಕಳ ಕಥೆ ಎಂದೊಡನೆ ಸಾವನ್ನು ತೆಗೆದು ನೀತಿಯನ್ನು ಹಾಕುತ್ತೇವೆ. ಕೇಳುವ ಮಕ್ಕಳ ಮನೆಗಳಲ್ಲಿ ಸಾವು ಆಗಲೇ ಬಂದು ಹೋಗಿರುತ್ತದೆ.

ಮಾಚಿಕೊ ಸೊಗಾ 2006 ರಲ್ಲಿ ತೀರಿಕೊಂಡರು. ಅವರು ಮಾಡಿದ ಮಾಟಗಾತಿಯನ್ನು ಕಂಡು ನಕ್ಕು ಬೆಳೆದ ಜಪಾನಿನ ಮಕ್ಕಳು ಈಗ ನಲವತ್ತರ ಆಸುಪಾಸಿನವರು, ತಾವೇ ತಂದೆ ತಾಯಂದಿರು. ಅವರಲ್ಲಿ ಯಾರಾದರೂ ಈ ಎರಡರಲ್ಲಿ ಯಾವುದನ್ನು ಮಗುವಿಗೆ ಮೊದಲು ತೋರಿಸಲಿ ಎಂದು ನನ್ನನ್ನು ಕೇಳಿದರೆ, ‘ಜೆಟ್‌ಮ್ಯಾನ್’ ಅನ್ನು ನೀವಿಬ್ಬರೂ ಮಗು ಮಲಗಿದ ಮೇಲೆ ನೋಡಿ, ಮಗುವಿಗೆ ‘ಜ್ಯೂರೇಂಜರ್’ ತೋರಿಸಿ ಎನ್ನುತ್ತೇನೆ. 42ನೇ ಕಂತಿನ ದಿನ ಮಾತ್ರ ಒಳಗೆ ಅಡುಗೆ ಕೆಲಸವಿದೆ ಎಂದು ಎದ್ದು ಹೋಗದೆ, ಪಕ್ಕದಲ್ಲೇ ಕುಳಿತಿರಿ.